ನಾಲ್ಕು ಹೆಗಲು, ಎರಡು ಬಣ

ಸತ್ತ ಮೇಲೆ ಹೆಗಲು ಕೊಡುವುದಕ್ಕೆ ನಾಲ್ಕು ಜನ ಬೇಕು ಅನ್ನುವುದು ಅಂಥ ದುರಾಸೆಯೇನಲ್ಲ. ಮೈಸೂರಿನಲ್ಲಿ ಗುರುತು ಪರಿಚಯವಿಲ್ಲದವನು ಹೋದರೂ ಬೀದಿಯಲ್ಲಿ ಹೋಗುವವರು ಒಂದು ಗಳಿಗೆ ನಿಂತು ಹೆಗಲು ಕೊಟ್ಟು ಮುಂದೆ ಹೋಗುತ್ತಾರೆ. ನಾವಿರುವ ಕ್ಯಾಲಿಫೋರ್ನಿಯಾದ ಊರು ಡೈಮಂಡ್ ಬಾರ್‌ನಲ್ಲಿ ಬೀದಿಯಲ್ಲಿ ನಡೆದು ಹೋಗುವವರೇ ಇಲ್ಲ, ಎಲ್ಲರೂ ಕಾರಿನಲ್ಲಿ ಹೋಗುತ್ತಾರೆ. ಅದಕ್ಕೇ ನಾನು ನನ್ನ ನಾಲ್ವರನ್ನು ಮೊದಲೇ ಗೊತ್ತು ಮಾಡಿಟ್ಟುಕೊಂಡಿದ್ದೆ. ಆ ಏರ್ಪಾಡನ್ನು ಒಂದು ಪ್ರೈಮರಿ ಎಲೆಕ್ಷನ್ನು ನುಂಗಿ ನೀರು ಕುಡಿಯಿತು.

ನನ್ನ ಹೆಸರು ಸತ್ಯಮೂರ್ತಿ. ಪೊಮೊನಾದ ಯೂನಿವರ್ಸಿಟಿಯಲ್ಲಿ ಸಿವಿಲ್ ಇಂಜಿನಿಯರಿಂಗ್ ಪಾಠ ಮಾಡಿ ರಿಟೈರ್ ಆದವನು. ನನಗೆ ಕೋಪ ಮೂಗಿನ ತುದಿಯಲ್ಲೇ ಇರುತ್ತದೆ ಎಂದು ಹೆಂಡತಿ ರಾಜೇಶ್ವರಿ ಹೇಳುತ್ತಾಳೆ. ಇರಲಿ, ನನ್ನ ಮೂಗು, ನನ್ನ ಕೋಪ. ನಾವು ಆರು ಜನ ದಿನಾ ಬೆಳಿಗ್ಗೆ ಬೆಟ್ಟದ ಮೇಲಿನ ಪಾರ್ಕಿಗೆ ವಾಕಿಂಗ್ ಹೋಗುತ್ತಿದ್ದೆವು. 2020ರಲ್ಲಿ ನಮ್ಮ ಶೇಷಗಿರಿ ಕೋವಿಡ್‌ನಲ್ಲಿ ತೀರಿಕೊಂಡ. ಅವನನ್ನು ಗಾಲಿ ಮಂಚದ ಮೇಲೆ ಮಲಗಿಸಿ ಯಾರೋ ತಳ್ಳಿಕೊಂಡು ಹೋದದ್ದನ್ನು ಉಳಿದ ಐವರು ನಮ್ಮ ನಮ್ಮ ಮನೆಯಲ್ಲಿ ಕೂತು ಝೂಮ್‌ನಲ್ಲಿ ನೋಡಿದೆವು. ಯಾರೋ ಮ್ಯೂಟ್ ಮಾಡುವುದನ್ನು ಮರೆತಿದ್ದರು, ಮಂತ್ರದ ನಡುವೆ ಕುಕ್ಕರ್ ಕೂಗಿತು. ಆ ಗಾಲಿಗಳ ಕಿರುಗುಟ್ಟುವ ಸದ್ದು ನನ್ನ ಕಿವಿಯಿಂದ ಇವತ್ತಿಗೂ ಹೋಗಿಲ್ಲ.

ಆಮೇಲೆ ಮಾಸ್ಕ್ ಹಾಕಿಕೊಂಡು ಪಾರ್ಕಿನ ಬೆಂಚಿನಲ್ಲಿ ದೂರ ದೂರ ಕೂತಾಗ ಒಂದು ಮಾತು ಕೊಟ್ಟುಕೊಂಡೆವು. ನಮ್ಮಲ್ಲಿ ಯಾರು ಮೊದಲು ಹೋದರೂ ಉಳಿದವರು ಹೆಗಲು ಕೊಡಬೇಕು, ಗಾಲಿಯ ಮೇಲೆ ಕಳಿಸಬಾರದು. ಐವರಲ್ಲಿ ಒಬ್ಬ ಹೋದರೆ ನಾಲ್ವರು ಉಳಿಯುತ್ತಾರೆ, ಲೆಕ್ಕ ಸರಿಹೋಗುತ್ತದೆ. ಎರಡನೆಯವನಾಗಿ ಹೋಗುವವನ ಗತಿಯೇನು ಎಂದು ಯಾರೂ ಕೇಳಲಿಲ್ಲ. ವಯಸ್ಸಿನಲ್ಲೂ ಬಿ.ಪಿ.ಯಲ್ಲೂ ನಾನೇ ಎಲ್ಲರಿಗಿಂತ ಮುಂದಿದ್ದೆ, ಹಾಗಾಗಿ ಮೊದಲ ಸ್ಥಾನ ನನ್ನದೇ ಎಂಬ ಧೈರ್ಯ ನನಗಿತ್ತು.

ಆ ನಾಲ್ವರು ಯಾರು ಎಂದು ಹೇಳಿಬಿಡುತ್ತೇನೆ. ಯೋಗೀಶ ಉಡುಪಿ ಕಡೆಯವರು, ಪೊಮೊನಾದಲ್ಲಿ ತಿಂಡಿ ಅಂಗಡಿ ಇಟ್ಟಿದ್ದಾರೆ, ಗಿಡ್ಡ ಆಳು. ರೋಷನ್ ಈ ಯೋಗೀಶರ ಹೆಂಡತಿಯ ತಮ್ಮ, ಮನೆ ಮಾರಿಸುವ ಏಜೆಂಟ್, ನಮ್ಮ ಗುಂಪಿನಲ್ಲಿ ಚಿಕ್ಕವನು, ತೆಂಗಿನ ಮರದಷ್ಟು ಉದ್ದ. ಡಾಕ್ಟರ್ ಸಿದ್ಧಲಿಂಗೇಶ ಧಾರವಾಡದವರು, ರಿಟೈರ್ ಆದ ಮೂಳೆ ಡಾಕ್ಟರು, ಅವರೂ ಎತ್ತರ. ಉದಯಶಂಕರ ಬಸವನಗುಡಿಯವರು, ವಿಮಾನದ ರೆಕ್ಕೆ ಡಿಸೈನ್ ಮಾಡಿದವರು, ಅವರು ಯೋಗೀಶರಿಗಿಂತಲೂ ಒಂದು ಬೆರಳು ಗಿಡ್ಡ. ಈ ಎತ್ತರದ ವಿಷಯ ಮುಂದೆ ಬೇಕಾಗುತ್ತದೆ, ನೆನಪಿಟ್ಟುಕೊಳ್ಳಿ.

2024ರ ಮಾರ್ಚ್ ಪ್ರೈಮರಿಯಲ್ಲಿ, ಅಂದರೆ ನವೆಂಬರಿನ ಎಲೆಕ್ಷನ್ನಿಗೆ ಮುಂಚಿನ ಆಯ್ಕೆಯ ಸುತ್ತಿನಲ್ಲಿ, ನಮ್ಮ ಕಡೆಯ ಅಸೆಂಬ್ಲಿ ಸೀಟಿಗೆ ಒಂದೇ ಪಕ್ಷದ ಇಬ್ಬರು ನಿಂತರು. ಒಬ್ಬರು ಲೂಸಿಂಡಾ ಬಾರೆಟೊ ಎಂಬ ಹೆಂಗಸು, ಇನ್ನೊಬ್ಬರು ವೆಂಡೆಲ್ ಚೌ ಎಂಬ ಗಂಡಸು. ಬೆಟ್ಟದ ಮೇಲಿನ ಕರೆಂಟ್ ತಂತಿಗಳನ್ನೆಲ್ಲ ನೆಲದೊಳಗೆ ಹೂತುಬಿಡುತ್ತೇವೆ, ಕಾಡಿಗೆ ಬೆಂಕಿ ಬೀಳುವುದು ತಪ್ಪುತ್ತದೆ ಎಂದು ಇಬ್ಬರೂ ಹೇಳಿದರು. ವ್ಯತ್ಯಾಸ ಇಷ್ಟೇ: ಬಾರೆಟೊ ಪೂರ್ವದ ಕಡೆಯಿಂದ ಅಗೆಸಿಕೊಂಡು ಬರುತ್ತಾರಂತೆ, ಚೌ ಪಶ್ಚಿಮದಿಂದ.

ಬಾರೆಟೊ ಯೋಗೀಶರ ಅಂಗಡಿಗೆ ಬಂದು ಗೋಳಿಬಜೆ ತಿಂದು, ಇನ್ನೊಂದು ಪ್ಲೇಟ್ ಕೇಳಿದ್ದರು. ಸಿದ್ಧಲಿಂಗೇಶರ ಹತ್ತಿರ ಮಂಡಿನೋವು ಎಂದು ಹೇಳಿ, ಅವರು ಹೇಳಿದ್ದನ್ನೆಲ್ಲ ಬಾಯಿ ಮುಚ್ಚಿಕೊಂಡು ಕೇಳಿದ್ದರು. ಹೆಂಡತಿ ಮಕ್ಕಳೂ ಕೇಳದ ಮಾತನ್ನು ಒಬ್ಬ ರಾಜಕಾರಣಿ ಕೇಳಿದರೆ ಮನುಷ್ಯ ಇನ್ನೇನಾಗಬೇಕು, ಡಾಕ್ಟರು ಅವತ್ತೇ ಬಾರೆಟೊ ಬಣ. ಚೌ ಏನು ಕಡಿಮೆಯೇ? ಉದಯಶಂಕರರ ಹತ್ತಿರ ವಿಮಾನದ ರೆಕ್ಕೆಯ ಬಗ್ಗೆ ತಾವಾಗಿಯೇ ಪ್ರಶ್ನೆ ಕೇಳಿದರು. ರೋಷನ್ ಮನೆಗೆ ಬಂದಾಗ ಯಾರೂ ಹೇಳದೆಯೇ ಬಾಗಿಲಲ್ಲಿ ಶೂ ಬಿಚ್ಚಿದರು.

"ಎಂತದು ರೋಷನ್, ನೀನು ಅಂಗಳದಲ್ಲಿ ಆ ಚೌನ ಪ್ರಚಾರದ ಬೋರ್ಡ್ ನೆಟ್ಟದ್ದು ಹೌದಾ?" ಎಂದು ಯೋಗೀಶ ಪಾರ್ಕಿನ ಬೆಂಚಿನಲ್ಲಿ ಕೇಳಿದರು.

"ಹೌದು ಭಾವ. ಶೂ ಬಿಟ್ಟು ಒಳಗೆ ಬಂದ ಮನುಷ್ಯ."

"ಶೂ ಬಿಟ್ಟವರಿಗೆಲ್ಲ ವೋಟು ಹಾಕುದಾದರೆ ಹೋಗಿ ಮಠದ ಬಾಗಿಲಲ್ಲಿ ನಿಂತ್ಕೋ ಮಾರಾಯ, ಸಾವಿರ ಜನ ಸಿಗ್ತಾರೆ."

"ಮತ್ತೆ ನಿಮ್ಮದು ಎಂತ? ಗೋಳಿಬಜೆ ತಿಂದವರಿಗೆ ವೋಟು!"

ನಾನು ಸುಮ್ಮನಿರಬೇಕಿತ್ತು. ಸುಮ್ಮನಿರುವುದು ನನ್ನ ಜಾಯಮಾನದಲ್ಲೇ ಇಲ್ಲ. "ಅಲ್ರಯ್ಯಾ, ಪೂರ್ವದಿಂದ ಅಗೆದರೂ ಪಶ್ಚಿಮದಿಂದ ಅಗೆದರೂ ಹೂಳೋ ತಂತಿ ಅದೇ ಅಲ್ವೇನ್ರಯ್ಯಾ?" ಎಂದೆ. ನಾಲ್ವರೂ ಒಟ್ಟಿಗೆ ನನ್ನ ಕಡೆ ತಿರುಗಿದರು.

"ಮೇಷ್ಟ್ರೇ, ಈ ಅಡ್ಡಗೋಡೆ ಮೇಲೆ ದೀಪ ಇಡೋ ಬುದ್ಧಿ ಬಿಡಿ," ಎಂದರು ಉದಯಶಂಕರ.

"ಹೌದ್ರೀ ಸರ, ಯಾರ ಕಡೆ ಅದೀರಿ ಅಂತ ಒಂದ್ ಮಾತ್ ಹೇಳಿಬಿಡ್ರಿ," ಎಂದರು ಸಿದ್ಧಲಿಂಗೇಶ.

ಮರುದಿನದಿಂದ ಒಟ್ಟಿಗೆ ನಡೆಯುವುದು ನಿಂತಿತು. ನಮ್ಮ ಪಾರ್ಕಿನ ದಾರಿ ನಡುವಿನ ಹುಲ್ಲುಹಾಸಿನ ಸುತ್ತ ದುಂಡಗೆ ಹೋಗುತ್ತದೆ. ಎರಡು ಬಣವೂ ಬೇರೆ ಬೇರೆ ದಿಕ್ಕಿನಲ್ಲಿ ಸುತ್ತುವುದು ಎಂದಾಯಿತು. ಆದರೆ ಇಬ್ಬರಿಗೂ ಪ್ರದಕ್ಷಿಣೆಯೇ ಬೇಕು. ದೇವಸ್ಥಾನ ಸುತ್ತುವ ಹಾಗೆ ಬಲಕ್ಕೆ ಸುತ್ತಿದರೆ ಶುಭ. ಎಡಕ್ಕೆ ಸುತ್ತುವುದು ಹೆಣದ ಹಿಂದೆ ಹೋದಾಗ ಮಾಡುವ ಅಪ್ರದಕ್ಷಿಣೆ. ನಾಣ್ಯ ಚಿಮ್ಮಿದೆವು. ಪ್ರದಕ್ಷಿಣೆ ಬಾರೆಟೊ ಬಣಕ್ಕೆ ಹೋಯಿತು, ಅಪ್ರದಕ್ಷಿಣೆ ಚೌ ಬಣದ ಪಾಲಿಗೆ ಬಂತು. ಎಡಕ್ಕೆ ಸುತ್ತಿದರೆ ಹೃದಯಕ್ಕೆ ಒಳ್ಳೆಯದು ಎಂದು ಉದಯಶಂಕರ ಅವತ್ತು ಸಂಜೆಯೊಳಗೆ ಕಂಡುಹಿಡಿದುಬಿಟ್ಟರು.

ದುಂಡು ದಾರಿಯಲ್ಲಿ ಎದುರುಬದುರು ನಡೆದರೆ ಸುತ್ತಿಗೆ ಎರಡು ಸಲ ಮುಖಾಮುಖಿಯಾಗಲೇಬೇಕು, ಇದು ಸಣ್ಣ ಮಕ್ಕಳ ಗಣಿತ. ಮುಖ ನೋಡಬಾರದು ಎಂದು ಬೇರೆಯಾದವರು ಹೀಗೆ ಮೇಲಿಂದ ಮೇಲೆ ಮುಖ ನೋಡುವಂತಾಯಿತು. ಎದುರಾದಾಗಲೆಲ್ಲ ನಾಲ್ವರೂ ಒಟ್ಟಿಗೆ ತಲೆಯೆತ್ತಿ ಆಕಾಶ ನೋಡುತ್ತಿದ್ದರು. ನಾನು ಯಾವ ಬಣಕ್ಕೂ ಸೇರದವನು. ಒಂದು ಗುಂಪಿನ ಜೊತೆ ಹೊರಟು, ಎದುರಿನ ಗುಂಪು ಸಿಕ್ಕಿದ ಕೂಡಲೇ ಅವರ ಜೊತೆ ತಿರುಗಿ ಬರುತ್ತಿದ್ದೆ. ಹಾಗಾಗಿ ಆ ಚಳಿಗಾಲವೆಲ್ಲ ನಾನು ಪಾರ್ಕಿನ ಅರ್ಧ ಭಾಗವನ್ನು ಮಾತ್ರ ಕಂಡೆ.

ಅಷ್ಟರಲ್ಲಿ ನನ್ನ ಎದೆ ಕೈಕೊಡತೊಡಗಿತು. ಏರು ಹತ್ತಿದರೆ ಉಸಿರು ಸಿಗುತ್ತಿರಲಿಲ್ಲ. ರಕ್ತನಾಳಗಳು ಕಟ್ಟಿಕೊಂಡಿವೆ, ಬೈಪಾಸ್ ಮಾಡಬೇಕು ಎಂದರು. ಪ್ರೈಮರಿ ನಡೆಯುವ ವಾರವೇ ಆಪರೇಷನ್ನು. ಸ್ಯಾನ್ ಡಿಯೇಗೋ ಹತ್ತಿರದ ಪೊವೇಯಲ್ಲಿರುವ ಮಗ ವಿನೀತ್ ಫೋನಿನಲ್ಲಿ "ಡ್ಯಾಡ್, ಇಟ್ಸ್ ರುಟೀನ್" ಎಂದ. ಅವನಿಗೆ ರುಟೀನು, ಎದೆ ಸೀಳಿಸಿಕೊಳ್ಳುವವನು ನಾನು. ಸಾವಿನ ಭಯವಿಲ್ಲ ಎಂದರೆ ಸುಳ್ಳಾಗುತ್ತದೆ. ಆದರೆ ಅದಕ್ಕಿಂತ ದೊಡ್ಡ ಭಯ ಆ ಗಾಲಿಯದು. ನನಗೆ ನಾಲ್ವರು ಬೇಕಿತ್ತು, ಒಂದೇ ಕಡೆ, ಒಂದೇ ಹೊತ್ತಿಗೆ.

ಅದಕ್ಕೇ ಒಂದು ಭಾನುವಾರ ನಾಲ್ವರನ್ನೂ ಮನೆಗೆ ಕರೆದೆ. ಹಿತ್ತಲಲ್ಲಿ ಅಲ್ಯುಮಿನಿಯಂ ಏಣಿ ಮಲಗಿಸಿ, ಮೇಲೆ ದಿಂಬು ಇಟ್ಟಿದ್ದೆ. "ಒಂದು ಸಲ ಎತ್ತಿ ತೋರಿಸಿ. ಅಷ್ಟು ಸಾಕು. ನೆಮ್ಮದಿಯಿಂದ ಆಪರೇಷನ್ನಿಗೆ ಹೋಗ್ತೀನಿ," ಎಂದೆ.

"ಬಿಡ್ತು ಅನ್ನಿ ರೀ!" ಎಂದು ರಾಜೇಶ್ವರಿ ಅಡುಗೆಮನೆಯಿಂದಲೇ ಕೂಗಿದಳು. "ಬದುಕಿದ್ದಾಗಲೇ ಚಟ್ಟ ಹತ್ತೋ ಗಂಡಸನ್ನ ಎಲ್ಲಾದ್ರೂ ಕಂಡಿದ್ದೀರಾ? ನಿಮಗೆ ತಲೆ ಕೆಟ್ಟಿದೆ, ಇವರಿಗೂ ಕೆಡಿಸ್ತಿದ್ದೀರಿ."

ನಾಲ್ವರ ತಲೆ ಆಗಲೇ ಕೆಟ್ಟಿತ್ತು. ಮುಂದೆ ನಾವೇ ಇರಬೇಕು ಎಂದು ಬಾರೆಟೊ ಬಣ ಹೇಳಿತು. ಚೌ ಬಣದವರು ಯಾರ ಹಿಂದೆಯೂ ನಡೆಯುವವರಲ್ಲ ಎಂದು ಉದಯಶಂಕರ ಹೇಳಿದರು. ಎತ್ತರದವರಿಬ್ಬರು ಒಂದು ತುದಿಗೆ, ಗಿಡ್ಡರಿಬ್ಬರು ಇನ್ನೊಂದು ತುದಿಗೆ ನಿಂತರೆ ಸರಿಯಾಗುತ್ತದೆ ಎಂದು ನಾನು ಇಂಜಿನಿಯರಿಂಗ್ ಹೇಳಿದೆ. ಆದರೆ ಎತ್ತರದ ಸಿದ್ಧಲಿಂಗೇಶ ಬಾರೆಟೊ ಬಣ, ಎತ್ತರದ ರೋಷನ್ ಚೌ ಬಣ. ಅವರಿಬ್ಬರೂ ಭುಜಕ್ಕೆ ಭುಜ ತಾಗಿಸಿ ನಿಲ್ಲಲು ಒಪ್ಪಲಿಲ್ಲ. ಕೊನೆಗೆ ಅರ್ಧ ಹಿತ್ತಲಿನವರೆಗೆ ಬಾರೆಟೊ ಬಣ ಮುಂದೆ, ಆಮೇಲೆ ಚೌ ಬಣ ಮುಂದೆ, ಗಿಡ್ಡರ ಹೆಗಲಿನ ಮೇಲೆ ಸೋಫಾದ ಕುಶನ್ನು ಎಂದು ರಾಜಿಯಾಯಿತು. ನಾನು ಬಿಳಿ ಪಂಚೆ ಉಟ್ಟು ಏಣಿಯ ಮೇಲೆ ಮಲಗಿ ಕಣ್ಣು ಮುಚ್ಚಿದೆ.

ಎತ್ತಿದರು. ಸ್ವಲ್ಪ ವಾಲಿತ್ತು, ಆದರೂ ಎತ್ತಿದರು. ನನಗೆ ಹಿತವಾಗಿತ್ತು ಎಂದರೆ ನಗಬೇಡಿ. ನಾಲ್ಕು ಹೆಜ್ಜೆ ಹೋಗಿದ್ದರೋ ಇಲ್ಲವೋ, ಪಕ್ಕದ ಗೇಟು ಕಿರ್ ಎಂದಿತು. ಮನೆ ಮನೆಗೆ ವೋಟು ಕೇಳುತ್ತ ಬಂದಿದ್ದ ಲೂಸಿಂಡಾ ಬಾರೆಟೊ, ಹಿಂದೆ ಫೋಟೊ ತೆಗೆಯುವವನ ಜೊತೆ, ಸಾಕ್ಷಾತ್ತಾಗಿ ಹಿತ್ತಲಲ್ಲಿ ನಿಂತಿದ್ದರು. ತಮ್ಮ ನಾಯಕಿಯನ್ನು ಕಂಡ ಕೂಡಲೇ ಯೋಗೀಶ ಮತ್ತು ಸಿದ್ಧಲಿಂಗೇಶ ಏಣಿ ಬಿಟ್ಟು ಎರಡೂ ಕೈ ಜೋಡಿಸಿ ನಮಸ್ಕಾರ ಮಾಡಿದರು.

ನಾನು ತಲೆ ಮುಂದಾಗಿ ನಿಂಬೆ ಗಿಡದೊಳಗೆ ಜಾರಿಹೋದೆ. "ಅಯ್ಯೋ ದೇವರೇ!" ಎಂದು ರಾಜೇಶ್ವರಿ ಬಾಯಿ ಬಡಿದುಕೊಳ್ಳುತ್ತ ಓಡಿ ಬಂದಳು. ಬಿಳಿ ಬಟ್ಟೆ, ಹೊತ್ತ ನಾಲ್ವರು, ಅಳುವ ಹೆಂಡತಿ: ಆ ಹೆಂಗಸು ಇನ್ನೇನು ತಿಳಿದಾರು ಪಾಪ! ಎದೆಯ ಮೇಲೆ ಕೈಯಿಟ್ಟು ತಲೆ ಬಾಗಿಸಿದರು. ರಾಜೇಶ್ವರಿಯನ್ನು ತಬ್ಬಿಕೊಂಡು ಬೆನ್ನು ಸವರಿದರು. ಮುಳ್ಳಿನ ನಡುವೆ ಬಾಯಿ ತುಂಬ ಎಲೆ ಇದ್ದ ನಾನು ಮಾತು ಹೊರಡಿಸುವಷ್ಟರಲ್ಲಿ, ದುಃಖದ ಮನೆಯಲ್ಲಿ ಹೆಚ್ಚು ಹೊತ್ತು ನಿಲ್ಲಬಾರದು ಎಂದು ಹೊರಟೇ ಹೋದರು.

ಸಂಜೆಗೆ ಬಾರೆಟೊ ಪ್ರಚಾರದ ಪೇಜಿನಲ್ಲಿ ನಮ್ಮ ಹಿತ್ತಲಿನ ಫೋಟೊ ಬಂತು. ತಂತಿಗಳು ನೆಲದೊಳಗೆ ಹೋಗುವುದನ್ನು ನೋಡದೆಯೇ ನಮ್ಮನ್ನಗಲಿದ ಪ್ರೊಫೆಸರ್ ಸತ್ಯಮೂರ್ತಿಯವರ ಕನಸನ್ನು ನನಸು ಮಾಡೋಣ ಎಂದು ಬರೆದಿದ್ದರು. ಚೌ ಕಡೆಯವರು ಬಿಡುತ್ತಾರೆಯೇ? ಮರುದಿನ ಬೆಳಿಗ್ಗೆ ನನ್ನ ಎತ್ತರದ ಹೂವಿನ ಚಕ್ರ ಬಾಗಿಲಿಗೆ ಬಂತು. ಸಹಿ ಹಾಕಿ ತೆಗೆದುಕೊಂಡವನು ನಾನೇ.

ಲಾಸ್ ಏಂಜಲಿಸ್‌ನಿಂದ ಸ್ಯಾನ್ ಡಿಯೇಗೋವರೆಗಿನ ಕನ್ನಡದವರೆಲ್ಲ ಫೋನ್ ಮಾಡಿದರು. ನಾನೇ ಎತ್ತಿ "ಬದುಕಿದ್ದೀನಿ ಕಣಯ್ಯಾ" ಎಂದರೆ ಅವರಲ್ಲಿನ ಬಾರೆಟೊ ಬಣದವರು ನಂಬಲಿಲ್ಲ. ನಮ್ಮ ಕ್ಯಾಂಡಿಡೇಟು ಸುಳ್ಳು ಹೇಳುವವರಲ್ಲ ಎಂದರು. ಚೌ ಬಣದವರೂ ನಂಬಲಿಲ್ಲ. ನಾವು ಹೂವಿನ ಚಕ್ರ ಕಳಿಸಿ ಆಗಿದೆಯಲ್ಲ ಎಂದರು. ಎರಡು ಬಣಗಳೂ ಒಪ್ಪಿದ ವಿಷಯ ಆ ಎಲೆಕ್ಷನ್ನಿನಲ್ಲಿ ನನ್ನ ಸಾವೊಂದೇ. ಸಾವಿನ ಮನೆಯಲ್ಲಿ ಒಲೆ ಹಚ್ಚುವುದಿಲ್ಲವಲ್ಲ, ಹಾಗಾಗಿ ಬಿಸಿಬೇಳೆಬಾತು, ಮೊಸರನ್ನ, ಗೊಜ್ಜು ಎಲ್ಲ ಡಬ್ಬಿ ಡಬ್ಬಿ ಬಂದವು. ನನ್ನ ತಿಥಿಯ ಊಟ ನಾನೇ ಉಂಡೆ. ಬಾತಿಗೆ ಉಪ್ಪು ಕಡಿಮೆಯಾಗಿತ್ತು.

ನಿಂಬೆ ಗಿಡದಿಂದ ನನ್ನನ್ನು ಎಳೆದು ತೆಗೆದವರಿಗೆ ನಾನು ಬದುಕಿರುವುದು ಗೊತ್ತಿತ್ತು. ಆದರೂ ವಿಚಾರಿಸಿಕೊಳ್ಳಲು ಬಂದರು. ಯೋಗೀಶ, ಸಿದ್ಧಲಿಂಗೇಶ ಬೆಳಿಗ್ಗೆ ಬಂದರು. ಅವರ ಕಾರು ಹೋದದ್ದನ್ನು ಖಾತ್ರಿ ಮಾಡಿಕೊಂಡು ಉದಯಶಂಕರ, ರೋಷನ್ ಮಧ್ಯಾಹ್ನ ಬಂದರು. ಊರೆಲ್ಲ ಸತ್ತ ಎಂದು ಹೇಳಿದ ದಿನವೂ ನನ್ನ ಮನೆಗೆ ನಾಲ್ವರು ಒಟ್ಟಿಗೆ ಬರಲಿಲ್ಲ. ಅವತ್ತು ಬಚ್ಚಲಿಗೆ ಹೋಗಿ ನಲ್ಲಿ ಬಿಟ್ಟುಕೊಂಡು ಅತ್ತೆ. ರಾಜೇಶ್ವರಿಗೆ ಗೊತ್ತಾಯಿತು.

ಪ್ರೈಮರಿ ಮುಗಿದರೆ ಎಲ್ಲ ಸರಿಹೋಗುತ್ತದೆ ಎಂದುಕೊಂಡೆ. ಯಾರೋ ಒಬ್ಬರು ಗೆಲ್ಲುತ್ತಾರೆ, ಸೋತ ಬಣ ನಾಲ್ಕು ದಿನ ಮುಖ ಸಿಂಡರಿಸಿಕೊಂಡು ಆಮೇಲೆ ಬೆಂಚಿಗೆ ವಾಪಸು ಬರುತ್ತದೆ. ಫಲಿತಾಂಶ ಬರತೊಡಗಿತು: ಬಾರೆಟೊ ಮೊದಲನೆಯವರು, ಚೌ ಕೂದಲೆಳೆಯಷ್ಟು ಹಿಂದೆ ಎರಡನೆಯವರು. ಆಗ ನಮಗೆಲ್ಲ ನೆನಪಾಯಿತು. ಈ ಕ್ಯಾಲಿಫೋರ್ನಿಯಾದಲ್ಲಿ ಅಸೆಂಬ್ಲಿ ಪ್ರೈಮರಿಯಲ್ಲಿ ಮೊದಲ ಇಬ್ಬರು, ಒಂದೇ ಪಕ್ಷದವರಾದರೂ, ಇಬ್ಬರೂ ನವೆಂಬರಿಗೆ ಹೋಗುತ್ತಾರೆ. ಇಷ್ಟು ವರ್ಷ ಇಲ್ಲಿ ವೋಟು ಹಾಕಿದ ಇಂಜಿನಿಯರು, ಡಾಕ್ಟರು, ಪ್ರೊಫೆಸರು, ಒಬ್ಬರಿಗೂ ಜಗಳದ ಭರದಲ್ಲಿ ಇದು ತಲೆಗೆ ಹೊಳೆದಿರಲಿಲ್ಲ. ಯಾರೂ ಸೋತಿರಲಿಲ್ಲ. ಜಗಳ ನವೆಂಬರಿನವರೆಗೆ ಮುಂದುವರಿಯುವುದು ಖಾಯಂ ಆಯಿತು. ನನ್ನ ಆಪರೇಷನ್ನು ಶುಕ್ರವಾರ.

ಮರುದಿನ ಬೆಳಿಗ್ಗೆ ರಾಜೇಶ್ವರಿ ಬೇಡ ಬೇಡ ಎಂದರೂ ಕೇಳದೆ ಪಾರ್ಕಿಗೆ ಹೋದೆ. ಎರಡು ಬಣಗಳೂ ಹೊಸ ಟೀ ಶರ್ಟು ಹಾಕಿಕೊಂಡು, ತಾವೇ ಗೆದ್ದವರ ಹಾಗೆ ಎದೆಯುಬ್ಬಿಸಿಕೊಂಡು ನಡೆಯುತ್ತಿದ್ದವು. ಬಾರೆಟೊ ಬಣದ ಜೊತೆ ಹೊರಟೆ. ಗೇಟಿಗೆ ನೇರ ಎದುರಿನ ತುದಿಯಲ್ಲಿ ಚೌ ಬಣ ಎದುರಾಯಿತು. ನಾಲ್ವರೂ ವಾಡಿಕೆಯಂತೆ ಆಕಾಶ ನೋಡಿದರು. ನಾನು ಗುಂಪು ಬದಲಾಯಿಸಲು ತಿರುಗಿದೆ. ಎದೆಯ ಮೇಲೆ ಯಾರೋ ರುಬ್ಬುಗುಂಡು ಇಟ್ಟ ಹಾಗಾಯಿತು, ಕಾಲು ಮಡಚಿಕೊಂಡಿತು. ಅವರೆಲ್ಲ ಆಕಾಶ ನೋಡುತ್ತಿದ್ದುದರಿಂದ ನಾನು ಬಿದ್ದದ್ದು ಸ್ವಲ್ಪ ಹೊತ್ತು ಯಾರಿಗೂ ಗೊತ್ತಾಗಲಿಲ್ಲ.

ಆಮೇಲೆ ಸಿದ್ಧಲಿಂಗೇಶ ನೆಲಕ್ಕೆ ಕುಕ್ಕರಿಸಿ ನನ್ನ ನಾಡಿ ಹಿಡಿದರು. ಉದಯಶಂಕರ ಫೋನಿನಲ್ಲಿ ಕೂಗುತ್ತಿದ್ದರು. "ಆಂಬುಲೆನ್ಸ್ ಗೇಟಿಗೆ ಬರುತ್ತಂತೆ. ಅಲ್ಲೀತನಕ ಅಲ್ಲಾಡಿಸಬೇಡಿ, ಅಲ್ಲೇ ಮಲಗಿಸಿರಿ ಅಂತಿದ್ದಾರೆ."

"ಗೇಟಿಂದ ಇಲ್ಲೀತನಕ ಬರೂದರಾಗ ಏನಾರ ಆದ್ರ?" ಎಂದರು ಡಾಕ್ಟರು. ಮುಟ್ಟಬಾರದು ಎಂದು ಅವರಿಗೇ ಎಲ್ಲರಿಗಿಂತ ಚೆನ್ನಾಗಿ ಗೊತ್ತಿತ್ತು. "ಎತ್ರಿ! ನಡೀರಿ, ಎತ್ರಿ!"

ಯಾರು ಎಲ್ಲಿ ನಿಲ್ಲಬೇಕು ಎಂದು ಈ ಸಲ ಯಾರೂ ಕೇಳಲಿಲ್ಲ. ಎತ್ತರದ ಸಿದ್ಧಲಿಂಗೇಶ ಮತ್ತು ರೋಷನ್ ನನ್ನ ತಲೆಯ ಕಡೆ, ಗಿಡ್ಡ ಯೋಗೀಶ ಮತ್ತು ಉದಯಶಂಕರ ಕಾಲಿನ ಕಡೆ. ಒಂದೇ ಉಸಿರಿಗೆ ಹೆಗಲ ಮೇಲಿದ್ದೆ. ತಲೆ ಮೇಲೆ, ಕಾಲು ಕೆಳಗೆ, ಎದೆನೋವಿನವನನ್ನು ಇಡಬೇಕಾದ ಹಾಗೇ ಇಟ್ಟಿದ್ದರು. ಆಮೇಲೆ ಯಾರೂ ಕದಲಲಿಲ್ಲ.

"ಬಲಕ್ಕೆ, ಬಲಕ್ಕೆ!" ಎಂದರು ಯೋಗೀಶ.

"ರೀ, ನಾವು ಸುತ್ತೋದು ಎಡಕ್ಕೆ. ಎಡಕ್ಕೆ ನಡೀರಿ," ಎಂದರು ಉದಯಶಂಕರ.

"ಎಡಕ್ಕೆ ಹೊತ್ತುಕೊಂಡು ಹೋಗುದು ಹೆಣವನ್ನು ಮಾರಾಯ್ರೆ! ಮಾಸ್ಟ್ರಿಗೆ ಜೀವ ಉಂಟು!"

"ಇದೆ ಅಂತ ಏನ್ರೀ ಗ್ಯಾರಂಟಿ?" ಎಂದುಬಿಟ್ಟು ಉದಯಶಂಕರ ನಾಲಿಗೆ ಕಚ್ಚಿಕೊಂಡರು.

"ಅಂಕಲ್, ನೀವು ಎಂತ ಮಾತಾಡ್ತೀರಿ?" ಎಂದ ರೋಷನ್. ಆದರೂ ಅವನ ಕಾಲು ಎಡಕ್ಕೇ ಎಳೆಯುತ್ತಿತ್ತು. ಸಿದ್ಧಲಿಂಗೇಶರ ಕಾಲು ಬಲಕ್ಕೆ. ನನ್ನ ಎದೆಯೊಳಗೆ ಗುಂ ಎನ್ನುತ್ತಿದೆ, ಕೆಳಗೆ ನಾಲ್ಕು ಗಂಡಸರು ನಾನು ಬದುಕಿದ್ದರೆ ಯಾವ ದಾರಿ, ಸತ್ತಿದ್ದರೆ ಯಾವ ದಾರಿ ಎಂದು ಚರ್ಚೆ ಮಾಡುತ್ತಿದ್ದಾರೆ. ನನ್ನ ಆಯುಷ್ಯದಲ್ಲಿ ಅಂಥ ಕೋಪ ಬಂದಿರಲಿಲ್ಲ. ಆ ಕೋಪವೇ ನನ್ನನ್ನು ಉಳಿಸಿತು ಎಂದು ಈಗಲೂ ನಂಬಿದ್ದೇನೆ.

"ಲೋ ಮುಟ್ಠಾಳರಾ!" ಎಂದು ಮೇಲಿಂದ ಕಿರುಚಿದೆ. "ಹುಲ್ಲಿನ ಮೇಲೆ ನಡೀರ್ರೋ! ನೇರವಾಗಿ!"

ಹುಲ್ಲುಹಾಸನ್ನು ದಾಟಿದರೆ ಗೇಟು. ಇಷ್ಟು ವರ್ಷ ಸುತ್ತಿದ್ದೇವೆ, ಒಬ್ಬನೂ ಅದರ ಮೇಲೆ ಕಾಲಿಟ್ಟಿರಲಿಲ್ಲ. ಬೆಳಗಿನ ಹೊತ್ತು ಸ್ಪ್ರಿಂಕ್ಲರುಗಳು ಸುಂಯ್ ಎಂದು ನೀರು ಚಿಮ್ಮುತ್ತಿದ್ದವು. ನಾಲ್ವರೂ ಒಂದು ಸಲ ಮುಖ ಮುಖ ನೋಡಿಕೊಂಡರು, ಒಟ್ಟಿಗೆ ನೀರಿನೊಳಗೆ ಓಡಿದರು. ಬಾರೆಟೊ ಶರ್ಟೂ ಚೌ ಶರ್ಟೂ ತೊಪ್ಪೆಯಾದವು. ಯೋಗೀಶ ಜಾರಿದಾಗ ಉದಯಶಂಕರ "ಹಿಡ್ಕೊಳ್ರೀ, ಹಿಡ್ಕೊಳ್ರೀ" ಎಂದು ಅವರ ಕಾಲರು ಹಿಡಿದರು. ನನ್ನ ಮುಖದ ಮೇಲೆ ನೀರು ಸುರಿಯುತ್ತಿತ್ತು. ನಾನು ಅಳುತ್ತಿದ್ದೆ, ನೋವಿಗಲ್ಲ. ನಾಲ್ಕೂ ಹೆಗಲು ನನ್ನ ಕೆಳಗಿದ್ದವು, ಇನ್ನು ಹೋದರೂ ಪರವಾಗಿಲ್ಲ ಅನ್ನಿಸಿತು. ಮರುಗಳಿಗೆಗೇ, ಇವರನ್ನು ಬಿಟ್ಟು ಹೋಗಬಾರದು ಅನ್ನಿಸಿತು.

"ಮಾಸ್ಟ್ರೇ, ಜೀವ ಉಂಟಾ?" ಎಂದು ಯೋಗೀಶ ಏದುಸಿರಿನಲ್ಲಿ ಕೇಳುತ್ತಲೇ ಇದ್ದರು.

"ಉಂಟು, ನಡೀರಿ," ಎಂದು ನಾನು ಪ್ರತಿ ಸಲವೂ ಹೇಳಿದೆ.

ಆಂಬುಲೆನ್ಸಿನವರು ನಾಲ್ವರಿಗೂ ಚೆನ್ನಾಗಿ ಉಗಿದರು. ಆಮೇಲೆ ನನ್ನನ್ನು ಗಾಲಿ ಮಂಚದ ಮೇಲೆಯೇ ಮಲಗಿಸಿದರು. ನಾಲ್ಕು ಒದ್ದೆ ಕೈಗಳು ಅದರ ಅಂಚು ಹಿಡಿದು ವ್ಯಾನಿನ ಬಾಗಿಲವರೆಗೂ ಬಂದವು. ಗಾಲಿಯ ಸದ್ದು ನನಗೆ ಕೇಳಲಿಲ್ಲ.

ಆಪರೇಷನ್ನು ಅವತ್ತೇ ಮಾಡಿದರು, ಬದುಕಿಕೊಂಡೆ. ಈಗ ನಿಧಾನವಾಗಿ ನಡೆಯಬಹುದು ಎಂದಿದ್ದಾರೆ. ಬೋರ್ಡುಗಳು ಅಂಗಳಗಳಲ್ಲಿ ಇನ್ನೂ ನಿಂತಿವೆ, ನವೆಂಬರಿಗೆ ಇನ್ನೂ ದೂರವಿದೆ, ಇಬ್ಬರ ಬಾಯಿಯೂ ಕಡಿಮೆಯಾಗಿಲ್ಲ. ಬಲಕ್ಕೋ ಎಡಕ್ಕೋ ಎನ್ನುವುದು ಇತ್ಯರ್ಥವಾಗದ ಕಾರಣ ನಾವು ಹುಲ್ಲಿನ ಮೇಲೆಯೇ ನಡೆಯುತ್ತೇವೆ. ಎತ್ತರದವರಿಬ್ಬರು ಹಿಂದೆ, ಗಿಡ್ಡರಿಬ್ಬರು ಮುಂದೆ, ನಡುವೆ ನಾನು. ದೂರದಿಂದ ನೋಡಿದ ರಾಜೇಶ್ವರಿ "ಥೂ, ಬಿಡ್ತು ಅನ್ನಿ, ಮತ್ತೆ ಅದೇ ಥರ ಹೊರಟಿದ್ದೀರಲ್ಲ" ಎಂದು ಬೈಯುತ್ತಾಳೆ. ಸುಸ್ತಾದಾಗ ನಾನು ಒಂದು ಕೈಯನ್ನು ಯೋಗೀಶರ ಹೆಗಲ ಮೇಲೆ, ಇನ್ನೊಂದನ್ನು ಉದಯಶಂಕರರ ಹೆಗಲ ಮೇಲೆ ಇಡುತ್ತೇನೆ. ಅವರು ಪೂರ್ವ, ಪಶ್ಚಿಮ ಎಂದು ಜಗಳವಾಡುತ್ತಲೇ ಇರುತ್ತಾರೆ, ಹೆಗಲನ್ನು ಮಾತ್ರ ಕದಲಿಸುವುದಿಲ್ಲ.